ಗಜಕೋಲಿಗೆ ಕಟ್ಟಿದ ಚಾವಿ

ಬೌದ್ಧ ಧರ್ಮದ ಬಗ್ಗೆ ಸಾಯಿಕುಮಾರನಿಗೆ ಗೊತ್ತಿದ್ದದ್ದು ಎರಡೇ ಸಂಗತಿ. ಒಂದು, ಬುದ್ಧ ಕಣ್ಣು ಮುಚ್ಚಿಕೊಂಡು ಕೂತಿರುತ್ತಾನೆ. ಇದನ್ನು ಅವನು ಕಟಿಂಗ್ ಅಂಗಡಿಯ ಕ್ಯಾಲೆಂಡರಿನಲ್ಲಿ ನೋಡಿದ್ದ. ಎರಡು, ಆ ಧರ್ಮದ ಹೆಂಗಸರು ಹೊತ್ತು ಮುಳುಗುವ ತನಕ ನೀರು ಮುಟ್ಟುವುದಿಲ್ಲ. ಈ ಎರಡನೆಯದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಸ್ವಂತ ಬುದ್ಧಿ ಖರ್ಚು ಮಾಡಿ ಕಂಡುಹಿಡಿದಿದ್ದ.

ಜಹೀರಾಬಾದಿನ ಬಸ್ ಸ್ಟ್ಯಾಂಡಿನ ಎದುರಿಗಿರುವ ಶಿವರಾಯ ಸಾವಕಾರರ ಬಟ್ಟೆ ಅಂಗಡಿಯಲ್ಲಿ ಸೀರೆಯ ಕಡೆ ಧಮ್ಮಶೀಲಾ, ಶರ್ಟು ಪ್ಯಾಂಟಿನ ಕಡೆ ಸಾಯಿಕುಮಾರ. ಇಬ್ಬರ ನಡುವೆ ಸ್ಟೂಲಿನ ಮೇಲೆ ತಣ್ಣೀರಿನ ಕ್ಯಾನು. ಅವನು ಹೋಗುತ್ತ ಬರುತ್ತ ಅದರ ನಲ್ಲಿ ತಿರುವಿ ಕುಡಿಯುತ್ತಿದ್ದ. ಆಕೆಯ ಕೈ ಮಾತ್ರ ಆ ಕಡೆ ಚಾಚಿದ್ದನ್ನು ಅವನು ಒಮ್ಮೆಯೂ ಕಂಡಿರಲಿಲ್ಲ. ಗಿರಾಕಿಗಳಿಗೆ ಚಹಾ ತರಿಸಿದರೆ ತನ್ನ ಪಾಲಿನ ಕಪ್ಪನ್ನು ಪಕ್ಕಕ್ಕೆ ಸರಿಸಿಬಿಡುತ್ತಿದ್ದಳು. ನಾಲಿಗೆಯ ಕೆಳಗೆ ಸದಾ ಒಂದು ಹುಣಸೆ ಬೀಜ ಇಟ್ಟುಕೊಂಡಿರುತ್ತಿದ್ದಳು. ಅದೂ ವ್ರತದ ಒಂದು ಭಾಗ ಎಂದು ಸಾಯಿಕುಮಾರ ತೀರ್ಮಾನಿಸಿದ.

ಸೀರೆ ಮಡಚಿಡುವ ಭವಾನಿಯೂ ನೀರು ಕುಡಿಯುತ್ತಿರಲಿಲ್ಲ, ಮತ್ತು ಭವಾನಿ ಬೌದ್ಧಳಲ್ಲ. ಬೇರೆ ಯಾರಾದರೂ ಆಗಿದ್ದರೆ ಇಲ್ಲಿ ಒಂದು ಕ್ಷಣ ನಿಂತು ಯೋಚಿಸುತ್ತಿದ್ದರು. ಸಾಯಿಕುಮಾರ ನಾರಾಯಣಖೇಡದಲ್ಲಿ ಬಿ.ಕಾಂ. ಮಾಡಿದವನು, ಅವನಿಗೆ ಕಾರಣಗಳ ಕೊರತೆ ಇರಲಿಲ್ಲ. ಹಿರಿಯಳ ಸಹವಾಸದಿಂದ ಹುಡುಗಿಗೂ ಭಕ್ತಿ ಹತ್ತಿದೆ ಎಂದುಕೊಂಡ. ಧಮ್ಮಶೀಲಾಳ ಮೇಲಿನ ಗೌರವದಿಂದ, ತಾನು ನೀರು ಕುಡಿಯುವಾಗ ಆಕೆಗೆ ಬೆನ್ನು ತಿರುಗಿಸಿ ಕುಡಿಯುವ ಅಭ್ಯಾಸ ಮಾಡಿಕೊಂಡ. ಗಿರಾಕಿಗಳು ಯಾರಾದರೂ ಆಕೆಗೆ ಸೋಡಾ ಕೊಡಲು ಹೋದರೆ ತಾನೇ ಮುಂದೆ ಬಂದು, ಅಕ್ಕನವರದು ದೊಡ್ಡ ನೇಮ ಎಂದು ಮೆಲ್ಲಗೆ ತಿಳಿಸುತ್ತಿದ್ದ. ಊರಿಗೆ ಹೋದಾಗ ತಾಯಿ ಲಕ್ಷ್ಮಿಬಾಯಿಗೂ ಹೇಳಿದ. ಆಕೆ ಕೆನ್ನೆ ಮುಟ್ಟಿಕೊಂಡು, ಅಂಥವರ ಪಕ್ಕ ನಿಂತು ಕೆಲಸ ಮಾಡುವುದಕ್ಕೂ ಪುಣ್ಯ ಬೇಕು ಅಂದಳು. ಆ ಪುಣ್ಯ ತನ್ನದೇ ಎಂಬಂತೆ ಸಾಯಿಕುಮಾರ ತಲೆಯಾಡಿಸಿದ.

ಧಮ್ಮಶೀಲಾ ರಾಯಿಕೋಡ್ ಕಡೆಯ ಹಳ್ಳಿಯವಳು. ವಯಸ್ಸು ನಲವತ್ತರ ಆಚೆ ಈಚೆ. ಎತ್ತರದ ಆಳು, ಸ್ವಲ್ಪ ಗಡಸು ದನಿ. ತೆಲುಗಿನವರಿಗೆ ತೆಲುಗು, ಸಾಬರ ಹೆಂಗಸರಿಗೆ ಉರ್ದು, ಉದಗೀರದ ಕಡೆಯಿಂದ ಬಂದವರಿಗೆ ಮರಾಠಿ, ನಮ್ಮವರಿಗೆ ಕನ್ನಡ; ಒಂದೇ ಸೀರೆಯನ್ನು ನಾಲ್ಕು ಭಾಷೆಯಲ್ಲಿ ಬಿಚ್ಚಿ ನಾಲ್ಕು ಭಾಷೆಯಲ್ಲಿ ಮಡಚುತ್ತಿದ್ದಳು. ಒಪ್ಪದ ಬಣ್ಣವನ್ನು ಒಪ್ಪುತ್ತದೆ ಎಂದು ಹೇಳಿ ಮಾರಿದವಳಲ್ಲ. ದುಬಾರಿ ಸೀರೆ ಹಿಡಿದ ಹೆಂಗಸಿನ ಕೈಯಿಂದ ಅದನ್ನು ತೆಗೆದಿಟ್ಟು, ಇದನ್ನುಟ್ಟರೆ ನೀವು ಕಾಣಂಗಿಲ್ಲ, ಸೀರಿ ಒಂದೇ ಕಾಣ್ತದ ಅಂದುಬಿಡುತ್ತಿದ್ದಳು. ಸಾವಕಾರರು ದುಡ್ಡಿನ ಗಲ್ಲೆಯಲ್ಲಿ ಕೂತು ಹಲ್ಲು ಕಡಿಯುತ್ತಿದ್ದರು. ಆದರೆ ಆ ಹೆಂಗಸೇ ಮುಂದಿನ ಸಲ ಅಕ್ಕ ತಂಗಿಯರನ್ನು ಕರೆದುಕೊಂಡು ಬಂದು, ಆ ಬಾಯಿ ಎಲ್ಲಿ ಎಂದು ಕೇಳುತ್ತಿದ್ದಳು.

ಮದುವೆಯ ಜವಳಿಗೆ ಈ ಕಡೆ ಬಸ್ತಾ ಅನ್ನುತ್ತಾರೆ. ಬಸ್ತಾ ತೆಗೆಯಲು ಬೀಗರು, ನಂಟರು, ಮಕ್ಕಳು ಮರಿ ಎಲ್ಲ ಜೀಪು ತುಂಬಿ ಬಂದು, ಅಂಗಡಿಯ ಬಿಳಿ ಗಾದಿಯ ಮೇಲೆ ಬೆಳಗಿನಿಂದ ಸಂಜೆಯವರೆಗೆ ಕೂತಿರುತ್ತಾರೆ. ಆ ಗಾದಿಯ ಮೇಲೆ ನಿಂತು ಸೀರೆ ತೋರಿಸುವ ಜಾಗ ಅಂಗಡಿಯಲ್ಲೇ ಮೇಲಿನದು. ಕಸ ಹೊಡೆಯುವ ಕೆಲಸಕ್ಕೆ ಬಂದ ಧಮ್ಮಶೀಲಾ ಅಲ್ಲಿಗೆ ಏರಿದ್ದು ವರ್ಷಗಟ್ಟಲೆ ದುಡಿದು. ಆ ಜಾಗ ಬಿಟ್ಟರೆ ಮತ್ತೆ ಸಿಗುವುದಿಲ್ಲ ಎಂಬುದು ಆಕೆಗೂ ಗೊತ್ತಿತ್ತು, ಸಾವಕಾರರಿಗೂ ಗೊತ್ತಿತ್ತು.

ಅದಕ್ಕೂ ಮುಂಚೆ ಆಕೆ ತಾಂಡೂರಿನಲ್ಲಿದ್ದಳು. ಗಂಡ ಬಾಲರಾಜ ಅಲ್ಲಿಯ ಒಂದು ಕಲ್ಲಿನ ಪಾಲಿಶ್ ಕಾರ್ಖಾನೆಯಲ್ಲಿ ಯಂತ್ರದ ಮುಂದೆ ನಿಲ್ಲುತ್ತಿದ್ದ. ಈಕೆ ನೆಲಕ್ಕೆ ಹಾಸುವ ಪರಸಿ ಕಲ್ಲುಗಳನ್ನು ಅಳತೆಯ ಪ್ರಕಾರ ಜೋಡಿಸುವ ಹೆಂಗಸರ ಗುಂಪಿನಲ್ಲಿದ್ದಳು. ಕಲ್ಲಿನ ಬಿಳಿ ಕೆಸರು ಒಣಗಿ ಹಾರಿ ಬಾಲರಾಜನ ಎದೆಗೆ ಇಳಿಯಿತು. ಕೆಮ್ಮು ನಿಲ್ಲದಾದಾಗ ಡಾಕ್ಟರು, ಈ ಕೆಲಸ ಬಿಡು, ಇಲ್ಲವಾದರೆ ಉಸಿರು ಬಿಡು ಅಂದರಂತೆ. ಅವನು ಕೆಲಸ ಬಿಟ್ಟ. ಜಹೀರಾಬಾದಿಗೆ ಬಂದು ನಾರಾಯಣಖೇಡದ ದಾರಿಗೆ ಶೇರ್ ಆಟೋ ಓಡಿಸತೊಡಗಿದ. ಸಾಲು ಖೋಲಿಗಳ ಒಂದು ವಠಾರದಲ್ಲಿ ಬಾಡಿಗೆಗೆ ಇದ್ದರು. ಇಡೀ ಸಾಲಿಗೆ ಒಂದೇ ಪಾಯಖಾನೆ. ಬೆಳಿಗ್ಗೆ ಅದರ ಮುಂದೆ ಬಕೆಟ್ಟುಗಳ ಪಾಳಿ. ಧಮ್ಮಶೀಲಾ ಆ ಪಾಳಿ ಮುಗಿಸಿ ಅಂಗಡಿಗೆ ಬಂದರೆ, ರಾತ್ರಿ ಶಟರು ಎಳೆದ ಮೇಲೆಯೇ ಮನೆ.

ಇದೆಲ್ಲ ಸಾಯಿಕುಮಾರನಿಗೆ ಗೊತ್ತಿತ್ತು. ಗೊತ್ತಿದ್ದನ್ನು ಜೋಡಿಸುವ ಕೆಲಸ ಮಾತ್ರ ಅವನು ಮಾಡಿರಲಿಲ್ಲ.

ಈಗ ಅವನ ಇನ್ನೊಂದು ಸಾಧನೆಯ ಬಗ್ಗೆ. ಅಂಗಡಿಯ ಹಿಂದುಗಡೆ ಒಂದು ಪಾಯಖಾನೆ ಇತ್ತು. ಶರ್ಟಿನ ಕಪಾಟುಗಳನ್ನು ದಾಟಿ, ಹೊಲಿಗೆ ಮಶೀನಿನವನನ್ನು ದಾಟಿ ಅಲ್ಲಿಗೆ ಹೋಗಬೇಕು. ಬಸ್ ಸ್ಟ್ಯಾಂಡಿನ ಮಂದಿ ನುಗ್ಗುತ್ತಾರೆಂದು ಸಾವಕಾರರು ಅದಕ್ಕೆ ಬೀಗ ಹಾಕಿಸಿ ಚಾವಿಯನ್ನು ಗಲ್ಲೆಯ ಪಕ್ಕದ ಮೊಳೆಗೆ ತೂಗಿಸಿದ್ದರು. ಗಂಡಸರಿಗೆ ಆ ಚಾವಿಯ ಗರಜು ಬೀಳುತ್ತಿರಲಿಲ್ಲ. ಅಂಗಡಿಯ ಪಕ್ಕದ ಸಂದಿಯಲ್ಲಿ ಅವರಿಗೊಂದು ಗೋಡೆ ಇತ್ತು. ಹೆಂಗಸರು ಮಾತ್ರ ಬೆರಳುದ್ದದ ಆ ಚಾವಿಯನ್ನು ಸೆರಗಿನ ತುದಿಯಲ್ಲಿ ಮುಚ್ಚಿಕೊಂಡು ಹೋಗಿ ಬರುತ್ತಿದ್ದರು. ಹಾಗೆ ಒಯ್ದ ಚಾವಿ ಆಗಾಗ ಯಾರದೋ ಸೆರಗಿನ ಗಂಟಿನಲ್ಲಿ ಮನೆಗೆ ಹೋಗಿಬಿಡುತ್ತಿತ್ತು. ಸಾವಕಾರರು ಕೂಗಾಡುತ್ತಿದ್ದರು.

ಕಳೆದ ದೀಪಾವಳಿಯ ಹೊತ್ತಿಗೆ ಸಾಯಿಕುಮಾರ ಇದಕ್ಕೊಂದು ಉಪಾಯ ಹುಡುಕಿದ. ಮೂಲೆಯಲ್ಲಿ ಬಿದ್ದಿದ್ದ ಹಳೆಯ ಕಬ್ಬಿಣದ ಗಜಕೋಲನ್ನು ಒರೆಸಿ, ಚಾವಿಯನ್ನು ಅದರ ತುದಿಗೆ ತಂತಿಯಿಂದ ಬಿಗಿದ. ಇನ್ನು ಯಾರು ಮರೆತು ಮನೆಗೆ ಒಯ್ಯುತ್ತಾರೆ? ಸಾವಕಾರರು ಕೋಲನ್ನು ಕೈಯಲ್ಲಿ ತೂಗಿ ನೋಡಿ, ಬಿ.ಕಾಂ. ಅಂದ್ರ ಹಿಂಗಿರಬೇಕು ಅಂದರು. ಆ ಮಾತು ಅವನ ಕಿವಿಯಲ್ಲಿ ತಿಂಗಳುಗಟ್ಟಲೆ ಇತ್ತು.

ಆ ಕೋಲಿಗಾಗಿ ಮೊದಲು ಗಲ್ಲೆಯ ಹತ್ತಿರ ಬಂದವಳು ಧಮ್ಮಶೀಲಾ. ಸಾವಕಾರರು ಊಟಕ್ಕೆ ಹೋಗಿದ್ದರಿಂದ ಗಲ್ಲೆಯಲ್ಲಿ ಸಾಯಿಕುಮಾರನೇ ಇದ್ದ. ಆಕೆ ಕೋಲನ್ನು ನೋಡಿದಳು, ಅವನನ್ನು ನೋಡಿದಳು. ಅವನು ಎದ್ದು ನಿಂತು, ಬಟ್ಟೆ ಅಳೆಯುವವನ ಠೀವಿಯಲ್ಲಿ ಕೋಲನ್ನು ಅಡ್ಡ ಹಿಡಿದು, "ಎಷ್ಟು ಗಜ ಬೇಕ್ರಿ ಅಕ್ಕ?" ಅಂದ.

ಹೊಲಿಗೆಯವನು ಮಶೀನಿನ ಮೇಲೆ ತಲೆಯಿಟ್ಟು ನಕ್ಕ. ಪ್ಯಾಂಟು ನೋಡುತ್ತಿದ್ದ ಗಿರಾಕಿಗಳೂ ನಕ್ಕರು. ಧಮ್ಮಶೀಲಾಳೂ ನಕ್ಕಳು. ಆಮೇಲೆ ಆಕೆ ಕೋಲು ಒಯ್ದಳೋ ಇಲ್ಲವೋ ಅವನು ನೋಡಲಿಲ್ಲ. ತನ್ನ ಮಾತಿಗೆ ತಾನೇ ನಗುವುದರಲ್ಲಿ ತೊಡಗಿದ್ದ.

ಕೋಲು ಬಂದದ್ದೂ ಬೌದ್ಧ ಧರ್ಮದ ರಹಸ್ಯ ಅವನಿಗೆ ತಿಳಿದದ್ದೂ ಒಂದೇ ಚಳಿಗಾಲದಲ್ಲಿ. ಅದೂ ಅವನಿಗೆ ಹೊಳೆಯಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಧಮ್ಮಶೀಲಾಳಿಗೆ ಆಗಾಗ ಚಳಿ ಜ್ವರ ಬರತೊಡಗಿತು. ಸೀರೆ ಬಿಚ್ಚುವಾಗ ಒಂದು ಕೈ ಸೊಂಟದ ಹಿಂದೆ ಇರುತ್ತಿತ್ತು. ಒಂದೆರಡು ದಿನ ರಜೆ ಹಾಕುವಳು, ಮೆಡಿಕಲ್ ಅಂಗಡಿಯವನು ಕೊಟ್ಟ ಗುಳಿಗೆ ನುಂಗಿ ಮತ್ತೆ ಬರುವಳು. ಮದುವೆಯ ಸೀಜನ್ ಹತ್ತಿರ ಬಂದಂತೆ ಸಾವಕಾರರ ಮುಖ ಗಂಟಿಕ್ಕಿತು. ಬೀದರದ ಕಡೆಯ ಒಬ್ಬ ಹುಡುಗಿ ಈ ಕೆಲಸಕ್ಕೆ ಸಿದ್ಧಳಿದ್ದಾಳೆಂದು ಎಲ್ಲರಿಗೂ ಕೇಳುವಂತೆ ಫೋನಿನಲ್ಲಿ ಮಾತಾಡಿದರು. ಆಮೇಲೆ ಸಾಯಿಕುಮಾರನನ್ನು ಕರೆದು, ಸೀಜನ್ನಿನಾಗ ಇನ್ನೊಮ್ಮೆ ಮನ್ಯಾಗ ಮಲಗಿದರ ಮನ್ಯಾಗೇ ಇರಂತ ಆಕಿಗೆ ಹೇಳು ಅಂದರು. ಅವನು ಹೋಗಿ ಅದನ್ನು ಅಕ್ಷರ ಬಿಡದೆ ಹೇಳಿದ. ಹೇಳಿ, ನಿಮ್ಮ ನೇಮ ಸ್ವಲ್ಪ ಸಡಿಲ ಮಾಡಬಾರದೇನ್ರಿ ಅಂತಲೂ ಸೇರಿಸಿದ. ಯಾವ ನೇಮವೆಂದು ಆಕೆಗೆ ತಿಳಿಯಲಿಲ್ಲ. ಕೇಳುವಷ್ಟು ತ್ರಾಣವೂ ಇರಲಿಲ್ಲ. ಬರ್ತೀನಿ ಅಂತ ಹೇಳು ತಮ್ಮ, ತಪ್ಪಸಂಗಿಲ್ಲ ಅಂತ ಹೇಳು ಅಂದಳು.

ಮೇ ತಿಂಗಳ ಬಿಸಿಲಿಗೆ ಶಟರಿನ ಕಬ್ಬಿಣ ಕೈ ಸುಡುತ್ತಿತ್ತು. ಬೊಮ್ರಾಸಪೇಟೆಯ ಕಡೆಯಿಂದ ದೊಡ್ಡದೊಂದು ಬಸ್ತಾ ಬಂದಿತ್ತು. ಗುಂಪಿನ ಯಜಮಾನತಿ ಚಂದ್ರಾಬಾಯಿ ಎಂಬ ಮುದುಕಿ, ಹುಡುಗಿಯ ಅಜ್ಜಿ. ಮದುವಣಗಿತ್ತಿಯ ಸೀರೆ ತೆಗೆದಾಗ, ತೋರಿಸಿದವಳ ಬಾಯಿಗೆ ಮೊದಲು ಥಂಡಾ ಹಾಕಬೇಕು ಎಂಬುದು ಆ ಮನೆತನದ ಪದ್ಧತಿಯಂತೆ. ಮುದುಕಿ ಬಾಟಲಿ ಹಿಡಿದು ನಿಂತಳು. ಧಮ್ಮಶೀಲಾ ಬೇಡವೆಂದಳು. ಮುದುಕಿಯ ಮುಖ ಬಾಡಿತು. ವ್ಯಾಪಾರ ಕೈತಪ್ಪುತ್ತದೆಂದು ಗಲ್ಲೆಯಿಂದ ಸಾವಕಾರರು ಕಣ್ಣು ಬಿಟ್ಟರು. ಆಗ ಸಾಯಿಕುಮಾರ ಎಂದಿನಂತೆ ರಕ್ಷಣೆಗೆ ಧಾವಿಸಿದ. ಅಕ್ಕನವರು ಹಗಲು ಹೊತ್ತು ನೀರು ಮುಟ್ಟುವವರಲ್ಲ, ಹುಟ್ಟಿನಿಂದ ಬಂದ ನೇಮ, ತುಂಬ ಕಟ್ಟುನಿಟ್ಟು ಎಂದ. ಮುದುಕಿಯ ಕೈಯಲ್ಲಿದ್ದ ಬಾಟಲಿ ಕೆಳಗಿಳಿಯಿತು. ಆಕೆ ಧಮ್ಮಶೀಲಾಳನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೈ ಮುಗಿದಳು.

ಅದೇ ಹೊತ್ತಿಗೆ ಧಮ್ಮಶೀಲಾ ನಡುಗತೊಡಗಿದಳು. ಮೊದಲು ಕೈಯಲ್ಲಿದ್ದ ಸೀರೆಯ ಜರಿ ಅದುರಿತು. ಆಮೇಲೆ ಹಲ್ಲಿಗೆ ಹಲ್ಲು ಬಡಿಯಿತು. ಹೊರಗೆ ಬೆಂಕಿಯಂಥ ಬಿಸಿಲು, ಒಳಗೆ ಈ ಹೆಂಗಸು ಗಾದಿಯ ಮೇಲೆ ಕುಸಿದು ಕೂತು ಥರಥರ ನಡುಗುತ್ತಿದ್ದಾಳೆ. ಬಸ್ತಾದವರೆಲ್ಲ ಎದ್ದು ನಿಂತರು. ಚಂದ್ರಾಬಾಯಿ ಅವರನ್ನೆಲ್ಲ ಹಿಂದೆ ಸರಿಸಿ, ಮೈಸಮ್ಮ ತಾಯಿ ಮೈಮೇಲೆ ಬಂದಾಳ, ಯಾರೂ ಅಡ್ಡ ನಿಲ್ಲಬ್ಯಾಡ್ರಿ ಅಂದಳು. ಗಾದಿಯ ಅಂಚಿಗೆ ಹಣೆ ಹಚ್ಚಿ, ತಾಯಿ, ನಮ್ಮ ಹುಡುಗಿ ಮದುವಿ ಸುಸೂತ್ರ ಆಗ್ತದೇನು, ಒಂದ್ ಮಾತು ಹೇಳು ಎಂದು ಬೇಡಿಕೊಂಡಳು. ಒಬ್ಬಿಬ್ಬರು ಬಾಗಿದರು. ಸಾವಕಾರರೂ ಯಾವುದಕ್ಕೂ ಇರಲಿ ಎಂದು ಚಪ್ಪಲಿ ಬಿಟ್ಟರು.

ಧಮ್ಮಶೀಲಾ ಕಣ್ಣು ತೆರೆದು ತಾಯಿಯ ಮಾತು ಹೇಳಿದಳು: "ಚಾದರ... ಒಂದ್ ಚಾದರ ಹೊದಸ್ರಿ."

ಸರಕಾರಿ ಆಸ್ಪತ್ರೆಗೆ ಒಯ್ದದ್ದು ಸಾಯಿಕುಮಾರ ಮತ್ತು ಭವಾನಿ. ಆಟೋದಲ್ಲಿ ಭವಾನಿ ಅವನ ಕಡೆ ನೋಡಲಿಲ್ಲ. ಗಾಬರಿಯಿಂದ ಇರಬೇಕೆಂದು ಅವನು ತಿಳಿದ. ತಪಾಸಣೆ ಮಾಡಿದ ಡಾಕ್ಟರಮ್ಮ ಇನ್ನೂ ಚಿಕ್ಕ ವಯಸ್ಸಿನವರು, ತೆಲುಗಿನವರು. ಸೊಂಟದ ಮೇಲೆ ಮೆಲ್ಲಗೆ ಗುದ್ದಿದರು; ಧಮ್ಮಶೀಲಾ ಚೀರಿದಳು. ಹಗಲು ಎಷ್ಟು ನೀರು ಕುಡಿಯುತ್ತೀರಿ ಎಂದು ಡಾಕ್ಟರಮ್ಮ ಕೇಳಿದರು. ಆಕೆ ಬಾಯಿ ತೆರೆಯುವ ಮೊದಲೇ ಸಾಯಿಕುಮಾರ ಒಳ್ಳೆಯ ತೆಲುಗಿನಲ್ಲಿ, ಇವರ ಧರ್ಮದಲ್ಲಿ ಹೊತ್ತು ಮುಳುಗುವವರೆಗೆ ನೀರು ಕುಡಿಯುವಂತಿಲ್ಲ ಮೇಡಂ ಎಂದು ವಿವರಿಸಿದ.

ಡಾಕ್ಟರಮ್ಮನ ಪೆನ್ನು ನಿಂತಿತು. ಸಲಾಯಿನ್ ಹಚ್ಚುತ್ತಿದ್ದ ನರ್ಸು ಶರಣಬಸಮ್ಮ ಕತ್ತು ಹೊರಳಿಸಿ ಅವನನ್ನು ನೋಡಿದಳು. ಚಾದರದ ಒಳಗಿನಿಂದ ಧಮ್ಮಶೀಲಾ ನಗುವ ಸದ್ದು ಬಂತು. ನಡುಕದ ನಡುವೆಯೇ ನಗುತ್ತಿದ್ದಳು.

"ಯಾವ ಧರ್ಮ ತಮ್ಮ?" ಅಂದಳು. "ಬುದ್ಧನ ಮುಂದ ನಾವು ದಿನಾ ಒಂದ್ ಗ್ಲಾಸ್ ನೀರು ಇಡ್ತೀವಿ. ಅವಾ ಯಾವತ್ತೂ ಬ್ಯಾಡ ಅಂದಿಲ್ಲ."

ಸಾಯಿಕುಮಾರ ಭವಾನಿಯ ಕಡೆ ನೋಡಿದ. ಭವಾನಿ ಕಿಟಕಿಯ ಕಡೆ ನೋಡುತ್ತಿದ್ದಳು.

ಶರಣಬಸಮ್ಮ ಈ ಕಡೆಯವಳೇ. ವರ್ಷಗಟ್ಟಲೆ ಇದೇ ವಾರ್ಡಿನಲ್ಲಿದ್ದವಳು. ಆಕೆ ಮಂಚದ ಅಂಚಿಗೆ ಕೂತು ಧಮ್ಮಶೀಲಾಳನ್ನು ಕನ್ನಡದಲ್ಲಿ ನೇರ ಕೇಳಿದಳು: ಪೇಶಾಬಿಗೆ ಹೋಗಾಕ ಜಾಗ ಅದನೋ ಇಲ್ಲೋ? ಧಮ್ಮಶೀಲಾ ಗೋಡೆಯ ಕಡೆ ಹೊರಳಿದಳು. ಹಳ್ಳಿಯಲ್ಲಿದ್ದಾಗ ತೊಗರಿ ಹೊಲ ಇತ್ತು ಅಂದಳು. ನಸುಕಿನಲ್ಲಿ ಅತ್ತಿಗೆ ನಾದಿನಿಯರೆಲ್ಲ ಕೂಡಿ ಹೋಗುತ್ತಿದ್ದರಂತೆ, ಇಡೀ ದಿನದ ಸುದ್ದಿಯೆಲ್ಲ ಅಲ್ಲೇ ಆಗುತ್ತಿತ್ತಂತೆ. ತಾಂಡೂರಿನಲ್ಲಿ ಪರಸಿ ಕಲ್ಲಿನ ಎತ್ತರದ ರಾಶಿಗಳಿದ್ದವು. ಒಬ್ಬಳು ರಾಶಿಯ ಹಿಂದೆ ಹೋದರೆ ಇನ್ನೊಬ್ಬಳು ಈಚೆ ನಿಂತು ಕಾಯುತ್ತಿದ್ದಳು. ಇಲ್ಲಿಗೆ ಬಂದ ಮೇಲೆ ಪಾಯಖಾನೆಯೇ ಸಿಕ್ಕಿತು, ಟೈಲ್ಸ್ ಹಾಕಿದ್ದು. ಅಷ್ಟು ಹೇಳಿ ಚಾದರ ಎಳೆದುಕೊಂಡಳು.

"ಮತ್ತೇನಾತು?" ಅಂದಳು ಶರಣಬಸಮ್ಮ.

"ಚಾವಿ ಕೋಲಿಗೆ ಕಟ್ಯಾರ್ರಿ. ಗಂಡಸರ ನಡುವ ಅದನ್ನ ಹಿಡಕೊಂಡು ಜಾತ್ರಿ ಹೊಂಟಂಗ ಹೋಗಬೇಕು. ಅದಕ್ಕ ನೀರೇ ಬಿಟ್ಟೆ. ಬಿಟ್ಟರ ಹೋಗೋ ಪ್ರಸಂಗನೇ ಬರಂಗಿಲ್ಲ."

"ಯಾರು ಕಟ್ಟ್ಯಾರ?"

ಸಾಯಿಕುಮಾರ ಮಂಚದ ಕಾಲನ್ನು ನೋಡುತ್ತ ನಿಂತ. ಅದಕ್ಕೆ ಬಳಿದ ಬಣ್ಣ ಎಲ್ಲೆಲ್ಲಿ ಕಿತ್ತುಹೋಗಿದೆ ಎಂಬುದನ್ನು ಅವನು ಇಂದಿಗೂ ಬರೆದು ತೋರಿಸಬಲ್ಲ.

"ಅಂಗಡ್ಯಾಗಿನವರು" ಅಂದಳು ಧಮ್ಮಶೀಲಾ. ಹೆಸರು ಹೇಳಲಿಲ್ಲ.

ಶರಣಬಸಮ್ಮ ಎದ್ದು ಸೂಜಿ ಡಬ್ಬಿ ಮುಚ್ಚಿದಳು. ಇದೇನು ಹೊಸತಲ್ಲ ಎಂದು ಭವಾನಿಗೆ ಹೇಳಿದಳು. ಬಟ್ಟೆ ಅಂಗಡಿಯವರು, ಬಂಗಾರದ ಅಂಗಡಿಯವರು, ಬಸ್ಸಿನ ಕಂಡಕ್ಟರ್ ಹೆಣ್ಣುಮಕ್ಕಳು, ತರಕಾರಿ ಮಾರುವವರು, ಬೇಸಿಗೆ ಬಂತೆಂದರೆ ಒಬ್ಬೊಬ್ಬರೇ ಇದೇ ಉರಿ, ಇದೇ ಚಳಿ ಹಿಡಿದುಕೊಂಡು ಬರುತ್ತಾರಂತೆ. ದೊಡ್ಡ ಊರಿಗೆ ಬಂದೆವೆಂದು ಮಂದಿ ಖುಷಿಪಡುತ್ತಾರೆ, ಹೆಣ್ಣುಮಕ್ಕಳು ಬಾಯಿ ಒಣಗಿಸಿಕೊಂಡು ಇರುತ್ತಾರೆ. ಆಮೇಲೆ ಸಾಯಿಕುಮಾರನ ಕಡೆ ಒಮ್ಮೆ ನೋಡಿ, "ನಿಮಗೇನ್ ಬಿಡಪ್ಪ, ಊರ ತುಂಬ ಗ್ವಾಡಿ ಅವ" ಅಂದಳು.

ಡಾಕ್ಟರಮ್ಮ ಹೇಳಿದ್ದಿಷ್ಟು. ಮೂತ್ರದ ಸೋಂಕು ಮೇಲೆ ಹತ್ತಿ ಮೂತ್ರಪಿಂಡ ಮುಟ್ಟಿದೆ. ಈಗ ಔಷಧಿಯಿಂದ ಇಳಿಯುತ್ತದೆ. ಆದರೆ ಹಗಲೆಲ್ಲ ನೀರು ಕುಡಿಯಬೇಕು, ಬಂದಾಗಲೆಲ್ಲ ಹೋಗಬೇಕು, ತಡೆಯಬಾರದು. ಹೀಗೇ ಮರಳಿ ಮರಳಿ ಬಂದರೆ ಮೂತ್ರಪಿಂಡವೇ ಕೆಡುತ್ತದೆ. ಅಷ್ಟರಲ್ಲಿ ಆಟೋ ನಿಲ್ಲಿಸಿ ಓಡಿಬಂದ ಬಾಲರಾಜ ಇದನ್ನು ಕೇಳಿ, ಆ ಅಂಗಡಿ ಬಿಟ್ಟುಬಿಡು ಅಂದ. ಬಿಟ್ಟು ಎಲ್ಲಿಗೆ ಹೋಗಲಿ, ಬೇರೆ ಅಂಗಡಿಯಲ್ಲಿ ಪಾಯಖಾನೆಯೇ ಇಲ್ಲ ಅಂದಳು ಧಮ್ಮಶೀಲಾ. ಬಾಲರಾಜ ಕೆಮ್ಮಿದ.

ಮರುದಿನ ಅಂಗಡಿಗೆ ವಾರದ ರಜೆ. ಸಾಯಿಕುಮಾರ ಊರಿಗೆ ಹೊರಟ. ಸಿಕ್ಕದ್ದು ಬಾಲರಾಜನದೇ ಆಟೋ. ಆಕೆಗೆ ಜ್ವರ ಇಳಿದಿದೆ, ಗಂಜಿ ಕುಡಿದಿದ್ದಾಳೆ ಎಂದು ಬಾಲರಾಜ ಹೇಳಿದ. ನೀ ಇದ್ದಿ ಅಂತ ಉಳದಾಳ ತಮ್ಮ ಅಂದ. ಸಾಯಿಕುಮಾರ ಬ್ಯಾಗನ್ನು ಮಡಿಲಿಗೆ ಎಳೆದುಕೊಂಡ.

ಅರ್ಧ ದಾರಿಯಲ್ಲಿ ಒಂದು ಬೇವಿನ ಗಿಡದ ಹತ್ತಿರ ಎಂದಿನಂತೆ ಆಟೋ ನಿಂತಿತು. ಗಂಡಸರು ಇಳಿದು ರಸ್ತೆಯ ಅಂಚಿಗೆ ಸಾಲಾಗಿ ನಿಂತರು. ಎಷ್ಟೋ ವರ್ಷಗಳಿಂದ ಅವನೂ ಆ ಸಾಲಿನಲ್ಲಿ ನಿಂತವನೇ. ಇವತ್ತು ಇಳಿಯಲಿಲ್ಲ. ಹಿಂದೆ ಕೂತ ಹೆಂಗಸರು ಏನು ಮಾಡುತ್ತಾರೆಂದು ಮೊದಲ ಸಲ ನೋಡಿದ. ಅವರು ಏನೂ ಮಾಡುತ್ತಿರಲಿಲ್ಲ. ಸೆರಗನ್ನು ಮೂಗಿನ ಮೇಲೆಳೆದು ಇನ್ನೊಂದು ಕಡೆಯ ಹೊಲ ನೋಡುತ್ತಿದ್ದರು. ಒಬ್ಬ ಹೆಂಗಸಿನ ಚೀಲದಲ್ಲಿ ನೀರಿನ ಬಾಟಲಿ ಇತ್ತು. ತುಂಬಿಯೇ ಇತ್ತು.

ಮನೂರಿನ ಆಚೆ ಅವನ ಊರು. ಮನೆ ಸೇರುವ ಹೊತ್ತಿಗೆ ಅಪ್ಪ ಮರೆಪ್ಪ ಹಿಂಡನ್ನು ತೊಟ್ಟಿಗೆ ಬಿಟ್ಟಿದ್ದ. ಕುರಿಗಳು ಒಂದರ ಮೇಲೊಂದು ಬಿದ್ದು ನೀರು ಕುಡಿಯುತ್ತಿದ್ದವು. ಬ್ಯಾಗು ಹೆಗಲಿನಲ್ಲಿರುವಾಗಲೇ ಸಾಯಿಕುಮಾರನ ಬಾಯಿಂದ ಮಾತು ಬಂತು: "ಅಪ್ಪಾ, ಆ ಬೋಳು ಕಿವಿದು ನೀರಿಗೆ ಬಂದಿಲ್ಲ ನೋಡು."

ಮರೆಪ್ಪ ತಿರುಗಿ ನೋಡಿದ. ಹೌದು, ಬೇಲಿಯ ಹತ್ತಿರ ಬೋಳು ಕಿವಿಯ ಕುರಿಯೊಂದು ತಲೆ ತಗ್ಗಿಸಿ ಬೇರೆಯಾಗಿ ನಿಂತಿತ್ತು. ಮರೆಪ್ಪನ ಮುಖ ಅರಳಿತು. "ಪ್ಯಾಟಿ ಸೇರಿದರೂ ಕಣ್ಣು ಹೋಗಿಲ್ಲ ನಿನಗ" ಎಂದು ಮಗನನ್ನು ಹೊಗಳಿ, ಕುರಿಯನ್ನು ಹಿಡಿಯಲು ಹೋದ.

ಸಾಯಿಕುಮಾರ ತೊಟ್ಟಿಯ ಕಟ್ಟೆಯ ಮೇಲೆ ಕೂತುಬಿಟ್ಟ. ಲಕ್ಷ್ಮಿಬಾಯಿ ಒಳಗಿನಿಂದ ಚೆಂಬು ನೀರು ತಂದು, ನಿಮ್ಮ ನೇಮದ ಅಕ್ಕೋರು ಹೆಂಗ ಅದಾರ ಎಂದು ಕೇಳಿದಳು. ಚೆನ್ನಾಗಿದ್ದಾರೆ ಅಂದ. ಚೆಂಬನ್ನು ತುಂಬಿದ ಹಾಗೇ ಕಟ್ಟೆಯ ಮೇಲಿಟ್ಟ.

ಇಲ್ಲಿಂದ ಮುಂದೆ ಅವನು ಸಾವಕಾರರ ಎದುರು ನಿಂತು ಎದೆ ತಟ್ಟಿ ನ್ಯಾಯ ಕೇಳಿದ ಎಂದು ಬರೆಯಬಹುದಿತ್ತು. ಅಂಥ ಎದೆ ಅವನಿಗಿರಲಿಲ್ಲ. ಕಳ್ಳತನ ಮಾಡುವಷ್ಟು ಧೈರ್ಯ ಇತ್ತು. ರಜೆ ಮುಗಿಸಿ ಬಂದ ಬೆಳಿಗ್ಗೆ, ಅಂಗಡಿ ತೆರೆದವನು ಅವನೇ. ಪಾಯಖಾನೆಯ ಬೀಗ ತೆಗೆದ, ಕೋಲಿನ ತಂತಿ ಬಿಚ್ಚಿ ಚಾವಿ ತೆಗೆದ, ಎರಡನ್ನೂ ಜೇಬಿಗೆ ಹಾಕಿಕೊಂಡು ಹೋಗಿ ಬಸ್ ಸ್ಟ್ಯಾಂಡಿನ ಹಿಂದಿನ ಮೋರಿಗೆ ಬಿಟ್ಟ. ಪಾಯಖಾನೆಯ ಬಾಗಿಲಿಗೆ ಒಳಗಿನಿಂದ ಗಟ್ಟಿಯಾದ ಚಿಲಕ ಬಡಿದ, ಕೆಟ್ಟ ಬಲ್ಬು ಬದಲಿಸಿದ, ಡ್ರಮ್ಮಿಗೆ ನೀರು ತುಂಬಿಸಿದ. ಭವಾನಿ ಬಂದು ಬೀಗವಿಲ್ಲದ ಬಾಗಿಲನ್ನು ನೋಡಿದಳು. ಸ್ವಲ್ಪ ಹೊತ್ತಿಗೆ ಕ್ಯಾನಿನ ನಲ್ಲಿ ತಿರುವಿದ ಸದ್ದು ಕೇಳಿಸಿತು. ಅವನು ಶರ್ಟುಗಳ ಕಡೆ ಮುಖ ಮಾಡಿಕೊಂಡ.

ಸಾವಕಾರರಿಗೆ ಬೀಗವೂ ಇಲ್ಲ, ಚಾವಿಯೂ ಇಲ್ಲ, ಬರೀ ಕೋಲು ಉಳಿದಿದೆ ಎಂದು ತಿಳಿದಾಗ, ಬಿ.ಕಾಂ. ಅಂದ್ರ ಇಷ್ಟೇ ನೋಡು ಅಂದರು. ಸೀಜನ್ ಮುಗಿಯಲಿ, ಹೊಸ ಬೀಗ ತರೋಣ ಅಂದರು. ಸೀಜನ್ ಇನ್ನೂ ಮುಗಿದಿಲ್ಲ.

ಬೀದರದ ಹುಡುಗಿ ಬರಲಿಲ್ಲ. ಅದಕ್ಕೆ ಕಾರಣ ಚಂದ್ರಾಬಾಯಿ. ಅರ್ಧಕ್ಕೆ ನಿಂತ ಬಸ್ತಾ ಮುಗಿಸಲು ಮುದುಕಿ ಮತ್ತೆ ಬಂದು, ಮೈಸಮ್ಮ ಹೊಕ್ಕ ಆ ಕೈಯೇ ಸೀರೆ ತೆಗೆಯಬೇಕು, ಅಲ್ಲಿತನಕ ಬೇರೆ ಯಾರ ಕೈಯೂ ಬೇಡ ಎಂದು ಹಟ ಹಿಡಿದಳು. ಸಾವಕಾರರು ಧಮ್ಮಶೀಲಾಳ ಮನೆಗೆ ತಾವೇ ಫೋನು ಮಾಡಿ, ಆರಾಮಾದ ಮ್ಯಾಲೆ ಬಾ, ನಿನ್ನ ಜಾಗ ಎಲ್ಲೂ ಹೋಗಂಗಿಲ್ಲ ಅಂದರು. ಸಾಯಿಕುಮಾರ ಹಬ್ಬಿಸಿದ ಸುಳ್ಳು ಆಕೆಯ ಕೆಲಸ ಉಳಿಸಿತು. ಅದರ ಬಗ್ಗೆ ಹೆಮ್ಮೆಪಡಬೇಕೋ ನಾಚಬೇಕೋ ಎಂದು ಅವನು ಒಂದು ಮಧ್ಯಾಹ್ನವೆಲ್ಲ ಯೋಚಿಸಿದ. ಹೆಮ್ಮೆ ಬರಲಿಲ್ಲ.

ಧಮ್ಮಶೀಲಾ ಬಂದಳು. ಸ್ವಲ್ಪ ಇಳಿದಿದ್ದಳು, ದನಿ ಮಾತ್ರ ಹಾಗೇ ಇತ್ತು. ಚಂದ್ರಾಬಾಯಿ ಕೈ ಮುಗಿದಾಗ, ಅದು ಮೈಸಮ್ಮ ಅಲ್ಲವ್ವ, ಜ್ವರ ಎಂದು ಬಿಡಿಸಿ ಹೇಳಿದಳು. ಆ ತಾಯಿ ಹಂಗೇ ಅನ್ನಾಕಿ ಎಂದು ಮುದುಕಿ ಮತ್ತೊಮ್ಮೆ ಕೈ ಮುಗಿದಳು. ಬಸ್ತಾ ಮುಗಿದು ಜೀಪು ಹೋಯಿತು. ಸಾವಕಾರರು ಊಟಕ್ಕೆ ಹೋದರು. ಧಮ್ಮಶೀಲಾ ಗಾದಿಯಿಂದ ಇಳಿದು, ಸೀದಾ ಕ್ಯಾನಿನ ಹತ್ತಿರ ಬಂದು ಗ್ಲಾಸು ತುಂಬಿದಳು. ಬಾಯೊಳಗಿನ ಹುಣಸೆ ಬೀಜವನ್ನು ತೆಗೆದು ಕಸದ ಡಬ್ಬಿಗೆ ಹಾಕಿದಳು. ನಿಂತು ಕುಡಿದಳು, ಮತ್ತೆ ತುಂಬಿ ಕುಡಿದಳು.

ಸಾಯಿಕುಮಾರ ಅಭ್ಯಾಸಬಲದಿಂದ ಬೆನ್ನು ತಿರುಗಿಸಿದವನು ತನ್ನ ಮೇಲೆಯೇ ಸಿಟ್ಟಾಗಿ ಮತ್ತೆ ಈ ಕಡೆ ತಿರುಗಿದ. ಬೀಗ ಕಳೆದವನು ಯಾರೆಂದು ಆಕೆಗೆ ಗೊತ್ತಿತ್ತು, ಭವಾನಿ ಹೇಳಿರಬೇಕು. ಆಕೆ ಒಂದು ಒಳ್ಳೆಯ ಮಾತು ಆಡುತ್ತಾಳೆ ಎಂದು ಅವನ ಮನಸ್ಸಿನ ಒಂದು ಮೂಲೆ ಕಾಯುತ್ತಿತ್ತು. ಅಷ್ಟಾದ ಮೇಲೂ ಅದು ಕಾಯುತ್ತಿತ್ತು. ಮಾತು ಬರದಿದ್ದಾಗ ಅವನೇ ಬಾಯಿಬಿಟ್ಟ.

"ಅಕ್ಕ, ಇಷ್ಟು ದಿನ ಆ ಕೋಲಿನ ಸಲುವಾಗಿ ಸಂಕಟ ಪಟ್ಟೀರಿ. ನನಗ ಒಂದ್ ಮಾತು ಹೇಳಬಾರದಿತ್ತೇನ್ರಿ?"

ಧಮ್ಮಶೀಲಾ ಗ್ಲಾಸನ್ನು ಕ್ಯಾನಿನ ಮೇಲೆ ಬೋರಲು ಹಾಕಿದಳು.

"ಹೇಳಾಕಂತನೇ ಬಂದಿದ್ದೆ" ಅಂದಳು. "ನೀ ಎಷ್ಟು ಗಜ ಬೇಕಂದಿ. ಎಲ್ಲಾರೂ ನಕ್ಕರು. ನಾನೂ ನಕ್ಕೆ."